ಹೆಸ್ಸೆಯ ಫಿಲಿಪ್: ಒಂದು ಮನೆ, ನಾಲ್ಕು ಪಾಲು

ಸಂತ ಲೂಕರ ಶುಭಸಂದೇಶದ 12ನೇ ಅಧ್ಯಾಯದಲ್ಲಿ ಒಬ್ಬಾತ ಜನರ ಗುಂಪಿನಿಂದ ಮುಂದೆ ಬಂದು, ಒಡಹುಟ್ಟಿದವನಿಂದ ತನ್ನ ಪಾಲಿನ ಆಸ್ತಿಯನ್ನು ಕೊಡಿಸಬೇಕೆಂದು ಯೇಸುಸ್ವಾಮಿಯನ್ನು ಬೇಡುತ್ತಾನೆ. ಯೇಸು ಆ ಪಂಚಾಯ್ತಿಗೆ ಕೂರಲು ಒಪ್ಪುವುದಿಲ್ಲ. ದುರಾಶೆಯ ಬಗ್ಗೆ ಎಚ್ಚರಿಸುತ್ತಾರೆ. ಆಸ್ತಿ ಪಾಲಾಗುವುದು ತಪ್ಪಲ್ಲ. ಅದಕ್ಕೂ ಮೊದಲು ಮನಸ್ಸುಗಳು ಪಾಲಾಗಿರುತ್ತವಲ್ಲ, ಕೇಡು ಇರುವುದು ಅಲ್ಲಿ. ಜರ್ಮನಿಯ ಒಂದು ಅರಸು ಮನೆತನದ ಕಥೆ ಇದನ್ನು ಚೆನ್ನಾಗಿ ತೋರಿಸಿಕೊಡುತ್ತದೆ.

ಹೆಸ್ಸೆ ನಾಡಿನ ಒಡೆಯ ಫಿಲಿಪ್ ಹುಟ್ಟಿದ್ದು 1504ರಲ್ಲಿ, ಮಾರ್‌ಬುರ್ಗ್ ನಗರದಲ್ಲಿ. ಐದು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ಬಡವರ ತಾಯಿಯೆಂದು ನಾವು ಗೌರವಿಸುವ ಸಂತ ಎಲಿಜಬೆತ್ ಇದೇ ವಂಶದ ಮೂಲತಾಯಿ. ಪತಿಯನ್ನು ಕಳೆದುಕೊಂಡ ಆಕೆ ತನ್ನ ಪಾಲಿಗೆ ಬಂದ ಹಣದಿಂದ 1228ರಲ್ಲಿ ಮಾರ್‌ಬುರ್ಗ್‌ನಲ್ಲಿ ರೋಗಿಗಳಿಗೆ ಆಸ್ಪತ್ರೆ ಕಟ್ಟಿಸಿ, ತಾನೇ ಅವರ ಸೇವೆಗೆ ನಿಂತಳು. ಮೂರು ಶತಮಾನಗಳ ನಂತರ ಲೂಥರರ ಪಂಥವನ್ನು ಸೇರಿದ್ದ ಫಿಲಿಪ್, 1539ರಲ್ಲಿ ಆಕೆಯ ಪವಿತ್ರ ಅವಶೇಷಗಳನ್ನು ದೇವಾಲಯದಿಂದ ತೆಗೆಸಿಹಾಕಿದ.

ಹೆಂಡತಿಯ ಷರತ್ತು

ಅದೇ ವರ್ಷ ಅವನ ಮನೆಯಲ್ಲೂ ಬಿರುಕು ಬಿಟ್ಟಿತು. ಸ್ಯಾಕ್ಸನಿಯ ರಾಜಕುಮಾರಿ ಕ್ರಿಸ್ಟೀನಾ ಅವನ ಧರ್ಮಪತ್ನಿ. ಆಕೆ ಬದುಕಿರುವಾಗಲೇ ಮಾರ್ಗರೇತಾ ಎಂಬ ಯುವತಿಯನ್ನು ಮದುವೆಯಾಗಲು ಫಿಲಿಪ್ ಹೊರಟ. ಲೂಥರರೂ ಅವರ ಸಂಗಡಿಗರೂ ಗುಟ್ಟಾಗಿಡಬೇಕೆಂದು ಹೇಳಿ ಅನುಮತಿಯ ಸಲಹೆ ಕೊಟ್ಟರು. 1540ರ ಮಾರ್ಚ್ 4ರಂದು ಮದುವೆ ನಡೆಯಿತು. ಗುಟ್ಟು ಕೆಲವೇ ತಿಂಗಳಲ್ಲಿ ರಟ್ಟಾಯಿತು. ಸಾಮ್ರಾಜ್ಯದ ಕಾನೂನಿನಲ್ಲಿ ಅದು ಶಿಕ್ಷಾರ್ಹ ಅಪರಾಧ.

ಇದನ್ನು ಓದಿ ಇತರ ಸಭೆಯವರನ್ನು ಹಳಿಯುವುದು ಬೇಡ. ಕಥೋಲಿಕ ಅರಸರ ಮನೆಗಳಲ್ಲೂ ಉಪಪತ್ನಿಯರ ಕಥೆಗಳು ಬೇಕಾದಷ್ಟಿವೆ. ಒಬ್ಬ ಗಂಡ ಏಕಕಾಲದಲ್ಲಿ ಹಲವು ಹೆಂಡತಿಯರನ್ನು ಹೊಂದುವುದು ಕ್ರೈಸ್ತರಿಗೆ ಸಲ್ಲದೆಂದು 1563ರಲ್ಲಿ ತ್ರೆಂತ್ ಮಹಾಸಭೆ ಖಚಿತವಾಗಿ ಬೋಧಿಸಿತು.

ನಾವು ಗಮನಿಸಬೇಕಾದದ್ದು ಕ್ರಿಸ್ಟೀನಾಳನ್ನು. ಗಂಡನ ಒತ್ತಾಯಕ್ಕೆ ಆಕೆ ಒಪ್ಪಿಗೆ ಬರೆದುಕೊಟ್ಟಳು. ಆದರೆ ಒಂದು ಷರತ್ತು ಹಾಕಿದಳು: ತನ್ನ ಮಕ್ಕಳ ಹಕ್ಕಿಗೆ ಚ್ಯುತಿ ಬರಕೂಡದು. ತನಗಾಗುವ ಅನ್ಯಾಯವನ್ನು ತಡೆಯಲಾಗದ ತಾಯಿ ಮಕ್ಕಳಿಗಾಗುವುದನ್ನಾದರೂ ತಡೆದಳು. 1547ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸ್ ಫಿಲಿಪನನ್ನು ಸೆರೆಹಿಡಿದಾಗ, ಇದೇ ಕ್ರಿಸ್ಟೀನಾ ಅವನ ಬಿಡುಗಡೆಗಾಗಿ ಅಂಗಲಾಚಿದಳು. 1549ರಲ್ಲಿ ಆಕೆ ಸತ್ತಾಗ ಗಂಡ ಇನ್ನೂ ಸೆರೆಯಲ್ಲಿದ್ದ, ಬಿಡುಗಡೆಯಾದದ್ದು 1552ರಲ್ಲಿ.

ಮರಣಶಾಸನ

ಫಿಲಿಪ್ 1562ರಲ್ಲಿ ಮರಣಶಾಸನ ಬರೆಸಿ 1567ರಲ್ಲಿ ತೀರಿಕೊಂಡ. ಕ್ರಿಸ್ಟೀನಾಳ ನಾಲ್ವರು ಗಂಡುಮಕ್ಕಳಿಗೆ ನಾಡು ಪಾಲಾಯಿತು. ಹಿರಿಯ ವಿಲ್‌ಹೆಲ್ಮ್‌ಗೆ ಕಾಸೆಲ್ ಸೇರಿ ಹೆಚ್ಚುಕಡಿಮೆ ಅರ್ಧ, ಲುಡ್ವಿಗ್‌ಗೆ ಮಾರ್‌ಬುರ್ಗ್ ಕಡೆಯ ಕಾಲುಭಾಗ, ಕಿರಿಯರಾದ ಫಿಲಿಪ್ ಮತ್ತು ಜಾರ್ಜ್ ಇಬ್ಬರಿಗೂ ಎಂಟನೇ ಒಂದೊಂದು ಪಾಲು. ಮಾರ್ಗರೇತಾಳ ಗಂಡುಮಕ್ಕಳಿಗೆ ಸಣ್ಣ ಜಹಗೀರುಗಳೂ ಕೌಂಟ್ ಎಂಬ ಬಿರುದೂ ಸಿಕ್ಕವು. ನಾಡಿನ ಒಡೆತನದಲ್ಲಿ ಪಾಲಿಲ್ಲ. ಯಾವ ತಪ್ಪನ್ನೂ ಮಾಡದ ಆ ಮಕ್ಕಳು ತಂದೆಯ ತಪ್ಪಿನ ಹೊರೆ ಹೊತ್ತರು.

ಅಣ್ಣತಮ್ಮಂದಿರು ಮೊದಲು ಹೊಂದಿಕೊಂಡೇ ಇದ್ದರು. ಮಾರ್‌ಬುರ್ಗ್ ವಿಶ್ವವಿದ್ಯಾಲಯವನ್ನೂ ಮೇಲಿನ ನ್ಯಾಯಾಲಯವನ್ನೂ ಒಟ್ಟಾಗಿ ನಡೆಸಿದರು. ಕಿರಿಯ ಫಿಲಿಪ್ 1583ರಲ್ಲಿ, ಲುಡ್ವಿಗ್ 1604ರಲ್ಲಿ ಹಕ್ಕುದಾರ ಮಕ್ಕಳಿಲ್ಲದೆ ತೀರಿಕೊಂಡರು. ಲುಡ್ವಿಗ್‌ನ ಪಾಲು ಕಾಸೆಲ್ ಮತ್ತು ಡಾರ್ಮ್‌ಸ್ಟಾಟ್ ಮನೆಗಳಿಗೆ ಸಮನಾಗಿ ಹೋಗಬೇಕಿತ್ತು, ಅಲ್ಲಿ ಲೂಥರನ್ ಮತ ಬದಲಾಗಬಾರದೆಂಬ ಷರತ್ತಿನೊಡನೆ. ಆದರೆ ಕಾಸೆಲ್‌ನ ಮೋರಿಟ್ಸ್ 1605ರಲ್ಲಿ ಕ್ಯಾಲ್ವಿನ್ ಪಂಥದ ರೀತಿಗಳನ್ನು ಜಾರಿಗೆ ತಂದ. ಹತ್ತಿಕೊಂಡಿತು ದಾಯಾದಿ ಜಗಳ. 1623ರಲ್ಲಿ ಚಕ್ರವರ್ತಿಯ ನ್ಯಾಯಸಭೆ ಆ ಪಾಲನ್ನೆಲ್ಲ ಡಾರ್ಮ್‌ಸ್ಟಾಟ್‌ಗೆ ಕೊಟ್ಟಿತು. 1645ರಿಂದ ಒಂದೇ ವಂಶದ ಎರಡು ಮನೆಗಳು ಯುದ್ಧಕ್ಕಿಳಿದವು. 1648ರಲ್ಲಿ ಶಾಂತಿಯಾದಾಗ ಆ ಪಾಲು ಮತ್ತೆ ಎರಡಾಯಿತು. ಹಾಗಾದರೆ ನಲವತ್ತಕ್ಕೂ ಹೆಚ್ಚು ವರ್ಷ ಕಾದಾಡಿ ಗಳಿಸಿದ್ದೇನು?

ಉಳಿದದ್ದು ಯಾವುದು?

ಕಾಸೆಲ್ ರಾಜ್ಯವನ್ನು 1866ರಲ್ಲಿ ಪ್ರಷ್ಯಾ ನುಂಗಿತು. ಡಾರ್ಮ್‌ಸ್ಟಾಟ್‌ನ ಅರಸೊತ್ತಿಗೆ 1918ರಲ್ಲಿ ಮುಗಿಯಿತು. ಆದರೆ ಫಿಲಿಪ್ ಮಾಡಿದ ಒಂದು ಕೆಲಸ ಉಳಿದಿದೆ. 1533ರಲ್ಲಿ ಅವನು ಹೈನಾ ಎಂಬಲ್ಲಿ, ಮುಚ್ಚಿಸಿದ ಮಠದಲ್ಲಿ ಬಡರೋಗಿಗಳಿಗೆ ಆಸ್ಪತ್ರೆ ತೆರೆದಿದ್ದ. ಮಠ ಮುಚ್ಚಿದ್ದು ನಮಗೆ ನೋವಿನ ಸಂಗತಿಯೇ. ಆದರೂ ಅಲ್ಲಿ ಇಂದಿಗೂ ಮಾನಸಿಕ ರೋಗಿಗಳ ಚಿಕಿತ್ಸೆ ನಡೆಯುತ್ತಿದೆ. ಸಂತ ಎಲಿಜಬೆತಳ ಅವಶೇಷಗಳನ್ನು ತೆಗೆಸಿದವನಿಂದಲೇ ಆಕೆಯ ಕರುಣೆಯ ಕೆಲಸ ಮುಂದುವರಿಯಿತು. ಈ ಆಸ್ತಿಗಾಗಿ ಯಾರೂ ಕಾದಾಡಲಿಲ್ಲ.

ಪ್ರಿಯರೇ, ಮಕ್ಕಳಿಗೆ ಆಸ್ತಿ ಬರೆದಿಡುವುದು ತಂದೆತಾಯಿಯರ ಕರ್ತವ್ಯ. ಅದನ್ನು ನ್ಯಾಯವಾಗಿ, ಎಲ್ಲರಿಗೂ ತಿಳಿಯುವಂತೆ, ಬದುಕಿರುವಾಗಲೇ ಮಾಡಿ. ಹೆಣ್ಣುಮಕ್ಕಳನ್ನು ಮರೆಯಬೇಡಿ. ಆದರೆ ಒಗ್ಗಟ್ಟನ್ನು ಯಾವ ಪತ್ರದಲ್ಲೂ ಬರೆದುಕೊಡಲಾಗದು. ಅದನ್ನು ಗಂಡಹೆಂಡಿರ ನಿಷ್ಠೆಯಲ್ಲಿ ಮಕ್ಕಳು ದಿನವೂ ಕಣ್ಣಾರೆ ಕಂಡು ಕಲಿಯಬೇಕು.

ಮನೆಯವರೆಲ್ಲ ಕೂಡಿ ಚಿಂತಿಸಲು

1. ಪಾಲಿನ ವಿಷಯಕ್ಕೆ ನಾವು ಮಾತು ಬಿಟ್ಟಿರುವ ಒಡಹುಟ್ಟಿದವರು ಇದ್ದಾರೆಯೇ?

2. ನಮ್ಮ ಮನೆಯಲ್ಲಿ ಕ್ರಿಸ್ಟೀನಾಳಂತೆ ಒಲ್ಲದ ಮನಸ್ಸಿನಿಂದ ಸಹಿ ಹಾಕಿದವರು ಯಾರಾದರೂ ಇದ್ದಾರೆಯೇ?