ನಾಲೆಗೆ ನೀರು ಬಿಟ್ಟ ಮೇಲೆ ಮನೆ ನೋಡಿ

ಮಂಡ್ಯದವರಿಗೆ ಬೆಳಿಗ್ಗೆ ಪೇಪರ್ ಕೈಗೆ ಬಂದರೆ ಕಣ್ಣು ಹೋಗುವುದು ಕೆಆರ್‌ಎಸ್ ಮಟ್ಟದ ಕಡೆಗೆ. ಗರಿಷ್ಠ 124.80 ಅಡಿ, ಇವತ್ತು ಎಷ್ಟು, ಒಳಹರಿವು ಎಷ್ಟು, ಹೊರಹರಿವು ಎಷ್ಟು. ನನಗೆ ಗದ್ದೆಯಿಲ್ಲ, ಕಬ್ಬಿಲ್ಲ. ಆದರೂ ಮೂರು ವರ್ಷದಿಂದ ದಿನಾ ನೋಡುತ್ತೇನೆ, ನಮ್ಮ ಹಾಲಿನ ಗೋಡೆಗಾಗಿ.

2022ರ ಏಪ್ರಿಲ್‌ನಲ್ಲಿ ಊರಂಚಿನ ಬಡಾವಣೆಯಲ್ಲಿ ಮನೆ ಕೊಂಡೆ. ಮೂವತ್ತು-ನಲವತ್ತು ಸೈಟು, ಹನ್ನೊಂದು ವರ್ಷದ ಕಟ್ಟಡ, 52 ಲಕ್ಷ. ಕಾಗದ ಪತ್ರದ ವಿಷಯದಲ್ಲಿ ನಾನು ಗಟ್ಟಿಗ ಎಂಬ ಜಂಬ ನನಗಿತ್ತು. ಮೂವತ್ತು ವರ್ಷದ ಇ.ಸಿ. ತೆಗೆಸಿದೆ. ಮೂಲಪತ್ರ, ಅಲಿನೇಷನ್ ಆದೇಶ, ಖಾತೆ, ಕಂದಾಯದ ರಸೀದಿ ಎಲ್ಲವನ್ನೂ ವಕೀಲರ ಮುಂದೆ ಹರವಿದೆ. ನಮ್ಮ ಅತ್ತೆ ವಾಸ್ತುವಿನವರನ್ನು ಕರೆಸಿದರು. ಅವರು ಅಡುಗೆಮನೆಯ ಸಿಂಕನ್ನು ಎರಡು ಅಡಿ ಸರಿಸಲು ಹೇಳಿ ಎರಡು ಸಾವಿರ ತಗೊಂಡರು. ಮುದ್ರಾಂಕಕ್ಕೂ ನೋಂದಣಿಗೂ ಸೇರಿ ಸುಮಾರು 3.43 ಲಕ್ಷ ಕಟ್ಟಿದೆ. 50 ಲಕ್ಷ ದಾಟಿದ್ದರಿಂದ ಶೇ 1ರಷ್ಟು ಟಿಡಿಎಸ್ ಹಿಡಿದು ಕಟ್ಟುವುದನ್ನೂ ಮರೆಯಲಿಲ್ಲ. ಇಷ್ಟೆಲ್ಲ ಆದರೂ ಮನೆಯನ್ನು ಮಾತ್ರ ಯಾರೂ ನೋಡಲಿಲ್ಲ.

‘ಬ್ಯಾಂಕಿನವರು ಎಂಜಿನಿಯರ್ ಕಳಿಸಿದ್ದರಲ್ಲ’ ಎಂದು ನೀವು ಕೇಳಬಹುದು. ನಾನೂ ಅದನ್ನೇ ನಂಬಿದ್ದೆ. ಅವರು ಬಂದಿದ್ದು ಹತ್ತು ನಿಮಿಷ. ಟೇಪ್ ಹಿಡಿದರು, ರಸ್ತೆ ಎಷ್ಟು ಅಡಿ ಅಂತ ಕೇಳಿದರು, ನಾಲ್ಕು ಫೋಟೊ ತೆಗೆದುಕೊಂಡು ಹೊರಟರು. ಅದು ಮೌಲ್ಯಮಾಪನ. ನಾನು ಕಂತು ಕಟ್ಟದೇ ಹೋದರೆ ಈ ಆಸ್ತಿ ಮಾರಿ ಸಾಲ ವಸೂಲಾಗುತ್ತದೆಯೇ ಎಂಬುದಷ್ಟೇ ಅವರ ಲೆಕ್ಕ. ಗೋಡೆ ಬಿದ್ದರೂ ಬ್ಯಾಂಕಿಗೆ ಸೈಟು ಇದ್ದೇ ಇರುತ್ತದೆ. ಆ ವರದಿಗೆ ದುಡ್ಡು ಕೊಟ್ಟವನು ನಾನು, ಓದಿದವರು ಬ್ಯಾಂಕಿನವರು.

ನಾವು ಮನೆ ನೋಡಲು ಹೋದಾಗ ಸುಣ್ಣ-ಬಣ್ಣ ಹೊಸದಾಗಿತ್ತು. ‘ಏನೂ ಯೋಚ್ನೆ ಮಾಡ್ಬೇಡಿ ಸ್ವಾಮಿ, ಎಲ್ಲ ಸರ್ಯಾಗೈತೆ’ ಅಂದ ಬ್ರೋಕರ್. ಏಪ್ರಿಲ್‌ನ ಬಿಸಿಲಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಜುಲೈನಲ್ಲಿ ಕಟ್ಟೆ ತುಂಬಿತು, ವಿ.ಸಿ. ನಾಲೆಗೆ ನೀರು ಬಿಟ್ಟರು. ಆಗಸ್ಟ್ ಎರಡನೇ ವಾರ ಹಾಲಿನ ಪಶ್ಚಿಮದ ಗೋಡೆಯಲ್ಲಿ, ನೆಲದಿಂದ ಒಂದಡಿ ಮೇಲೆ, ಬಣ್ಣ ಹಪ್ಪಳದಂತೆ ಉಬ್ಬಿತು. ಉಗುರು ತಾಗಿಸಿದರೆ ಪದರ ಕಳಚಿ ಒಳಗೆ ಬಿಳಿ ಉಪ್ಪು ಹತ್ತಿಯಂತೆ ಅರಳಿತ್ತು. ದಸರಾ ಹೊತ್ತಿಗೆ ಮೂರಡಿವರೆಗೂ ಏರಿತು.

ಪಕ್ಕದ ಮನೆಯ ಹಿರಿಯರು ನಕ್ಕರು. ‘ಇದೆಲ್ಲ ಗದ್ದೆ ಬಯಲು ಕಣಪ್ಪ. ನಾಲೆ ಹರಿದ್ರೆ ಭೂಮಿ ಒಳಗೂ ನೀರು ಹರಿತದೆ.’ ಇರ್ವಿನ್ ನಾಲೆ ಅಂತ ಕರೆಯುತ್ತಿದ್ದ ಕಾಲದಿಂದಲೂ ಈ ಸೀಮೆಯ ಬಾಳು ಅದೇ ನೀರಿನಿಂದ. ಅದು ಬಂದಾಗ ಅಂತರ್ಜಲ ಏರುತ್ತದೆ, ಇಟ್ಟಿಗೆ ದೀಪದ ಬತ್ತಿಯಂತೆ ಹೀರುತ್ತದೆ. ಪಾಯದ ಮೇಲೆ, ಗೋಡೆ ಶುರುವಾಗುವ ಕಡೆ, ತೇವ ತಡೆಯುವ ಕಾಂಕ್ರೀಟ್ ಪಟ್ಟಿ ಹಾಕಿದ್ದರೆ ಅಲ್ಲೇ ನಿಲ್ಲುತ್ತಿತ್ತು. ನಮ್ಮ ಮನೆಗೆ ಹಾಕಿರಲಿಲ್ಲ.

ಮಾರಿದವರನ್ನು ಕೇಳೋಣವೆಂದು ವಕೀಲರ ಹತ್ತಿರ ಹೋದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಇದೆ: ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನು ಸಾಧಾರಣ ಎಚ್ಚರಿಕೆಯಿಂದ ನೋಡಿದರೂ ಕಾಣದಂಥ ಮುಖ್ಯ ದೋಷವನ್ನು ಮಾರುವವನು ಹೇಳಲೇಬೇಕು. ‘ಅವರಿಗೆ ಗೊತ್ತಿತ್ತು ಅಂತ ಹೇಗೆ ತೋರಿಸ್ತೀರಿ?’ ಎಂದು ಕೇಳಿದ ವಕೀಲರು ನನ್ನ ಅಗ್ರಿಮೆಂಟಿನ ಒಂದು ಸಾಲಿನ ಮೇಲೆ ಬೆರಳಿಟ್ಟರು. ‘ಸದರಿ ಸ್ವತ್ತನ್ನು ಇರುವ ಸ್ಥಿತಿಯಲ್ಲಿ ಖುದ್ದಾಗಿ ನೋಡಿ ಒಪ್ಪಿರುತ್ತೇನೆ.’ ಕೆಳಗೆ ನನ್ನದೇ ಸಹಿ. ರೇರಾದಲ್ಲಿ ಕಟ್ಟಡದ ದೋಷಕ್ಕೆ ಐದು ವರ್ಷದ ಹೊಣೆ ಇದೆಯಲ್ಲ ಅಂದೆ. ಅದು ಬಿಲ್ಡರ್ ಹತ್ತಿರ ಹೊಸದಾಗಿ ಕೊಂಡವರಿಗೆ, ಅದೂ ರೇರಾ ವ್ಯಾಪ್ತಿಗೆ ಬರುವ ಯೋಜನೆಗಳಲ್ಲಿ. ಕೈ ಬದಲಾದ ಹಳೇ ಮನೆಗಲ್ಲ.

2023ರ ಬೇಸಿಗೆಯಲ್ಲಿ ಮೂರಡಿ ಗಾರೆ ಕಿತ್ತು, ಬುಡದಲ್ಲಿ ಸಾಲಾಗಿ ತೂತು ಕೊರೆದು ಕೆಮಿಕಲ್ ತುಂಬಿಸಿ, ಮತ್ತೆ ಗಾರೆ ಮಾಡಿಸಿದೆ. 1.65 ಲಕ್ಷ ಖರ್ಚು. ಆ ವರ್ಷ ಗೋಡೆ ಬೆಣಚುಕಲ್ಲಿನಂತೆ ಒಣಗಿತ್ತು. ಕೆಲಸ ಮಾಡಿದವನು ತನ್ನ ಕೆಮಿಕಲ್ಲಿನ ಮಹಿಮೆ ಅಂದ, ನಾನೂ ನಾಲ್ಕು ಜನಕ್ಕೆ ಅವನ ನಂಬರ್ ಕೊಟ್ಟೆ. ಅದು ಬರದ ವರ್ಷ, ಕಟ್ಟೆ ತುಂಬಿರಲಿಲ್ಲ, ಊರಿಗೂರೇ ಕಾವೇರಿಗಾಗಿ ಬೀದಿಯಲ್ಲಿ ಕೂತಿತ್ತು ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. 2024ರ ಜುಲೈನಲ್ಲಿ ಮತ್ತೆ ಕಟ್ಟೆ ತುಂಬಿತು, ಗೋಡೆಯೂ ನೆನೆಯಿತು.

ಮರುವರ್ಷ ತಂಗಿಗೆ ಮದ್ದೂರಿನಲ್ಲಿ ಮನೆ ನೋಡುವಾಗ ಈ ಪಾಠ ಕೈಲಿತ್ತು. 2023ರ ಮಾರ್ಚ್‌ನಲ್ಲಿ ಗೆಜ್ಜಲಗೆರೆಯಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಅಲ್ಲಿನ ಬ್ರೋಕರ್‌ಗಳ ಬಾಯಲ್ಲಿ ಒಂದೇ ಮಾತು: ‘ನಾಳೆ ಬೆಂಗ್ಳೂರೋರು ಬತ್ತಾವ್ರೆ, ಇವತ್ತೇ ಅಡ್ವಾನ್ಸ್ ಕೊಡಿ.’ ನಾನು ಕೊಡಲಿಲ್ಲ. ನಿವೃತ್ತ ಎಂಜಿನಿಯರ್ ಒಬ್ಬರಿಗೆ ಆರು ಸಾವಿರ ಕೊಟ್ಟು ಕರೆದುಕೊಂಡು ಹೋದೆ. ಅಮೆರಿಕದಲ್ಲಿ ಇದೇ ಒಂದು ಕಸುಬು. ನ್ಯೂಜೆರ್ಸಿಯಲ್ಲಿರುವ ನಮ್ಮ ಚಿಕ್ಕಪ್ಪನ ಮಗ ಇನ್‌ಸ್ಪೆಕ್ಟರ್ ವರದಿ ನೋಡಿ ಎರಡು ಮನೆ ಕೈಬಿಟ್ಟಿದ್ದ. ಬೆಂಗಳೂರಿನಲ್ಲಿ ಫ್ಲಾಟುಗಳಿಗೆ ಈ ಸೇವೆ ಕೊಡುವ ಕಂಪನಿಗಳಿವೆ. ನಮ್ಮ ಕಡೆ ಮೇಸ್ತ್ರಿಯನ್ನೇ ಕರೆದುಕೊಂಡು ಹೋಗುತ್ತಾರೆ. ಮೇಸ್ತ್ರಿಗೆ ಕಣ್ಣಿರುತ್ತದೆ, ಸುಳ್ಳಲ್ಲ. ಆದರೆ ರಿಪೇರಿ ಕೆಲಸ ತನಗೇ ಸಿಗುತ್ತದೆ ಅಂತಿದ್ದರೆ ಹತ್ತು ದೋಷ ಇಪ್ಪತ್ತಾಗುತ್ತದೆ, ಬ್ರೋಕರ್ ಕಡೆಯವನಾದರೆ ಇಪ್ಪತ್ತು ಸೊನ್ನೆಯಾಗುತ್ತದೆ.

ಎಂಜಿನಿಯರ್ ಬಟ್ಟೆಚೀಲದಲ್ಲಿದ್ದುದು ಟಾರ್ಚು, ರಸಮಟ್ಟ, ತೂಗುಗುಂಡು, ಸ್ಕ್ರೂಡ್ರೈವರ್, ಐದು ರೂಪಾಯಿ ನಾಣ್ಯ. ಹಗಲಲ್ಲೇ ಕಿಟಕಿ ಮುಚ್ಚಿಸಿ ಟಾರ್ಚನ್ನು ಗೋಡೆಗೆ ಒರಗಿಸಿ ಬೆಳಕು ಬಿಟ್ಟರು. ಬಣ್ಣದಡಿ ಮುಚ್ಚಿದ್ದ ಉಬ್ಬು-ತಗ್ಗು ನೆರಳಾಗಿ ಎದ್ದು ಬಂತು. ನಾಣ್ಯದಿಂದ ಟೈಲ್ಸ್ ಕುಟ್ಟುತ್ತಾ ನಡೆದರು, ಟೊಳ್ಳಾದ ಕಡೆ ಸದ್ದೇ ಬೇರೆ. ಬಾಗಿಲ ಚೌಕಟ್ಟಿನ ಬುಡಕ್ಕೆ ಸ್ಕ್ರೂಡ್ರೈವರ್ ಒತ್ತಿದರೆ ಬೆಣ್ಣೆಗೆ ಹೋದ ಹಾಗೆ ಹೋಯಿತು, ಗೆದ್ದಲು. ಕ್ಯಾಲೆಂಡರ್ ಎತ್ತಿ ನೋಡಿದರು, ಬೀರುವಿನ ಒಳಗೆ ತಲೆ ಹಾಕಿ ಮೂಸಿದರು. ತಾರಸಿ ಮೇಲೆ ಎರಡು ಬಕೆಟ್ ನೀರು ಸುರಿಸಿ ಎತ್ತ ಹರಿಯುತ್ತದೆ ಅಂತ ಕಾದು ನಿಂತರು.

ಆಮೇಲೆ ಮನೆಯವರನ್ನು ಒಂದೇ ಒಂದು ಕೇಳಿದರು: ‘ಪ್ಲ್ಯಾನ್ ತೋರಿಸಿ.’ ಪ್ಲ್ಯಾನಿನಲ್ಲಿ ಇದ್ದುದು ನೆಲಮಹಡಿ ಮಾತ್ರ. ಮೇಲಿನ ಬಾಡಿಗೆ ಮನೆ ಆಮೇಲೆ ಎದ್ದದ್ದು, ಅದೂ ಪಿಲ್ಲರ್ ಇಲ್ಲದ ಹಳೇ ಗೋಡೆಗಳ ಮೇಲೆ. ಮೆಟ್ಟಿಲಿನ ಪಕ್ಕ ಇಟ್ಟಿಗೆಯ ಸಾಲು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಇಳಿದಿದ್ದ ಬಿರುಕಿಗೆ ಪುಟ್ಟಿ ತುಂಬಿದ್ದರು. ‘ಗಾರೆ ಮೇಲಿನ ಕೂದಲೆಳೆ ಬಿರುಕಿಗೆ ಹೆದರಬೇಡಿ. ಇದು ಪಾಯ ಕೂತ ಗುರುತು. ಇನ್ನೂ ಕೂರ್ತಾ ಇದೆಯೋ ಇಲ್ಲವೋ ತಿಳಿಬೇಕಾದ್ರೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ ಆರು ತಿಂಗಳು ಬಿಡಬೇಕು, ಒಡೆದ್ರೆ ಗೋಡೆ ಅಲ್ಲಾಡ್ತಿದೆ ಅಂತ’ ಅಂದರು. ಆರು ತಿಂಗಳು ಕಾಯುವವರು ಯಾರು? ನಾವು ಮದ್ದೂರು ವಡೆ ತಿಂದು ವಾಪಸಾದೆವು.

ಮಳವಳ್ಳಿಯಲ್ಲಿ ಅಪ್ಪನ ಮನೆ ಮಾರುವಾಗ ನಾನು ಟೇಬಲ್ಲಿನ ಆಚೆ ಬದಿಯಲ್ಲಿದ್ದೆ. ಅಪ್ಪನ ಹೆಸರಿಂದ ಖಾತೆ ನಮಗೆ ಬರುವಷ್ಟರಲ್ಲಿ ಚಪ್ಪಲಿ ಸವೆದದ್ದು ಬೇರೆ ಕಥೆ. ಮುಂದೆ ಹೆಂಚು, ಹಿಂದೆ ಮೋಲ್ಡ್. ಬಚ್ಚಲ ಪೈಪು ಸೋರಿ ಹಿಂದಿನ ಗೋಡೆ ಹಾಳಾಗಿತ್ತು, ಸಜ್ಜಾದ ಕಂಬಿ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ಹೊರಗೆ ತಳ್ಳಿತ್ತು. ‘ಎರಡು ಕೋಟ್ ಹೊಡ್ಸು ಭಾವ, ಎಲ್ಲ ಮುಚ್ಚೋಯ್ತದೆ’ ಅಂದ ಬಾಮೈದ. ಒಂದು ರಾತ್ರಿ ಆಸೆಯೂ ಆಯಿತು, ಸುಳ್ಳು ಹೇಳುವುದಿಲ್ಲ. ಬೆಳಿಗ್ಗೆ ಅದೇ ಎಂಜಿನಿಯರ್‌ಗೆ ಫೋನ್ ಮಾಡಿದೆ. ಅವರ ಎರಡು ಪುಟದ ವರದಿಯಲ್ಲಿ ರಿಪೇರಿಗೆ 80 ಸಾವಿರದ ಅಂದಾಜಿತ್ತು. ಕೊಳ್ಳಲು ಬಂದ ಮೇಷ್ಟರ ಕೈಗೆ ಅದನ್ನೇ ಕೊಟ್ಟೆ. ಅದಕ್ಕೂ ಮೊದಲು ಬಂದಿದ್ದವರೊಬ್ಬರು ಕಂಬಿ ನೋಡಿ, ಒಳಗೆ ಇನ್ನೇನಿದೆಯೋ ಅಂತ ಮೂರು ಲಕ್ಷ ಇಳಿಸಿ ಕೇಳಿದ್ದರು. ಮೇಷ್ಟರು ಕಡಿಮೆ ಮಾಡಿಸಿದ್ದು 80 ಸಾವಿರ. ವಾರದಲ್ಲಿ ಅಗ್ರಿಮೆಂಟ್ ಆಯಿತು. ಗೊತ್ತಿರುವ ದೋಷಕ್ಕೆ ಒಂದು ಬೆಲೆ, ಅನುಮಾನಕ್ಕೆ ಅದರ ಮೂರು-ನಾಲ್ಕು ಪಟ್ಟು.

ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಮಂಡ್ಯದಲ್ಲಿ 50 ಲಕ್ಷದ ಮನೆಗೆ ಮುದ್ರಾಂಕ, ಸೆಸ್ ಎಲ್ಲ ಸೇರಿ 3.8 ಲಕ್ಷ ಸಬ್ ರಿಜಿಸ್ಟ್ರಾರ್ ಕಚೇರಿಗೇ ಹೋಗುತ್ತದೆ. ಅಷ್ಟು ಕೊಡುವವರು ಆರು ಸಾವಿರಕ್ಕೆ ಹಿಂದೆಮುಂದೆ ನೋಡಬೇಡಿ. ಅಡ್ವಾನ್ಸ್ ಕೊಡುವ ಮೊದಲೇ ಮನೆ ತೋರಿಸಿ. ಅದಕ್ಕೆ ಪುರುಸೊತ್ತು ಸಿಗದಿದ್ದರೆ, ಹದಿನೈದು ದಿನದಲ್ಲಿ ಪರೀಕ್ಷೆ ಮಾಡಿಸಿ ಸರಿಬೀಳದಿದ್ದರೆ ಮುಂಗಡ ಪೂರ್ತಿ ವಾಪಸ್ ಎಂದು ಅಗ್ರಿಮೆಂಟಿನಲ್ಲಿ ಬರೆಸಿ. ‘ಇರುವ ಸ್ಥಿತಿಯಲ್ಲಿ’ ಎಂಬ ಸಾಲು ಕಂಡರೆ ಪೆನ್ನು ಕೆಳಗಿಡಿ. ನಾಲೆ ಬಯಲಿನಲ್ಲಿ ಕೊಳ್ಳುವುದಾದರೆ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಇನ್ನೊಮ್ಮೆ ಹೋಗಿ ನೋಡಿ.

2025ರಲ್ಲಿ ಕಟ್ಟೆ ಜೂನ್‌ನಲ್ಲೇ ತುಂಬಿತು. ನಮ್ಮ ಹಾಲಿನ ಗೋಡೆ ಜುಲೈ ಮುಗಿಯುವುದರೊಳಗೆ ಒಂದೂವರೆ ಅಡಿ ನೆನೆದಿತ್ತು. ಸೋಫಾ ಅಡ್ಡ ಇಟ್ಟಿದ್ದೇವೆ.