ಆಯಾಸವೂ ಒಂದು ಕಾಯಿಲೆಯಾಗಬಲ್ಲದು

ದಿನವಿಡೀ ಹೊಲದಲ್ಲಿ ದುಡಿದವರಿಗೆ ದಣಿವಾಗುವುದು ಸಹಜ. ಉಂಡು ಮಲಗಿ ಬೆಳಗ್ಗೆ ಎದ್ದರೆ ಆ ದಣಿವು ಆರುತ್ತದೆ. ಆದರೆ ಕೆಲವರಿಗೆ ಎಷ್ಟು ನಿದ್ರಿಸಿದರೂ ದಣಿವು ಆರುವುದಿಲ್ಲ. ಎರಡು ಕೊಡ ನೀರು ತಂದರೆ ಮರುದಿನ ಹಾಸಿಗೆಯಿಂದ ಏಳಲಾಗದು. ಮನೆಯವರು ಇದನ್ನು ಸೋಮಾರಿತನವೆಂದು ಜರೆಯುತ್ತಾರೆ. ದಾಂಪತ್ಯದಲ್ಲಿ ವಿರಸ ಹುಟ್ಟುತ್ತದೆ. ಆದುದರಿಂದ ಪತಿಪತ್ನಿಯರಿಬ್ಬರೂ ಈ ಕಾಯಿಲೆಯ ವಿಷಯವನ್ನು ಅರಿತಿರಬೇಕು.

ಲಕ್ಷಣಗಳು

ವೈದ್ಯರು ಇದನ್ನು ‘ಕ್ರಾನಿಕ್ ಫಟೀಗ್ ಸಿಂಡ್ರೋಮ್’, ಅಂದರೆ ದೀರ್ಘಕಾಲದ ಆಯಾಸದ ಕಾಯಿಲೆ ಎನ್ನುತ್ತಾರೆ. ಆಯಾಸವು 6 ತಿಂಗಳಿಗೂ ಮೀರಿ ಉಳಿಯುತ್ತದೆ. ಅಲ್ಪ ಶ್ರಮಪಟ್ಟರೂ, ಹಲವು ವೇಳೆ ಒಂದೆರಡು ದಿನ ಕಳೆದ ಮೇಲೆ, ನರಳಿಕೆ ಹೆಚ್ಚುತ್ತದೆ. ಮರೆವು, ನಿಂತಾಗ ತಲೆ ತಿರುಗುವಿಕೆ, ಮೈಕೈ ನೋವುಗಳೂ ಇರಬಹುದು. ಅನೇಕರಲ್ಲಿ ಇದು ಸೋಂಕಿನ ಜ್ವರದ ಬೆನ್ನಲ್ಲೇ ಆರಂಭವಾಗುತ್ತದೆ. ಕೋವಿಡ್ ಬಂದುಹೋದ ಕೆಲವರಲ್ಲಿಯೂ ಇದು ಕಂಡುಬಂದಿದೆ.

ದೇಹದಲ್ಲಿ ಕಂಡ ಸಾಕ್ಷ್ಯ

ವಿಶ್ವ ಆರೋಗ್ಯ ಸಂಸ್ಥೆಯು 1969ರಲ್ಲಿಯೇ ಇಂತಹ ಕಾಯಿಲೆಯನ್ನು ನರಮಂಡಲದ ರೋಗಗಳ ಸಾಲಿಗೆ ಸೇರಿಸಿತು. ಇದಕ್ಕೆ ಪುಷ್ಟಿ ಕೊಡುವ ಪರೀಕ್ಷೆಗಳು ಅನಂತರ ನಡೆದಿವೆ. ನೆದರ್ಲೆಂಡ್ಸಿನ ವೈದ್ಯರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 429 ರೋಗಿಗಳನ್ನು ಓರೆಯಾದ ಮೇಜಿನ ಮೇಲೆ ನಿಲ್ಲಿಸಿ, ಮಿದುಳಿಗೆ ಹರಿಯುವ ರಕ್ತವನ್ನು ಅಳೆಯಲಾಯಿತು. ಆರೋಗ್ಯವಂತರಲ್ಲಿ ಅದು ನೂರಕ್ಕೆ 7ರಷ್ಟು ಇಳಿದರೆ, ರೋಗಿಗಳಲ್ಲಿ 26ರಷ್ಟು ಇಳಿಯಿತು. ಅಮೆರಿಕದಲ್ಲಿ 2024ರಲ್ಲಿ ಪ್ರಕಟವಾದ ಅಧ್ಯಯನವು 17 ರೋಗಿಗಳನ್ನು ಪರೀಕ್ಷಿಸಿತು. ಮಿದುಳು ಮತ್ತು ಬೆನ್ನುಹುರಿಯನ್ನು ಸುತ್ತುವರಿದ ದ್ರವದಲ್ಲಿ, ನರಗಳ ಕಾರ್ಯಕ್ಕೆ ಬೇಕಾದ ಕೆಲವು ರಾಸಾಯನಿಕಗಳು ಅವರಲ್ಲಿ ಕಡಿಮೆಯಿದ್ದವು.

ಆದರೂ ಈ ಕಾಯಿಲೆಯನ್ನು ಖಚಿತಪಡಿಸುವ ಒಂದೇ ರಕ್ತಪರೀಕ್ಷೆ ಇನ್ನೂ ಇಲ್ಲ. ವೈದ್ಯರು ಲಕ್ಷಣಗಳನ್ನು ವಿಚಾರಿಸಿ, ಬೇರೆ ರೋಗಗಳಿಲ್ಲವೆಂದು ಪರೀಕ್ಷಿಸಿ ನಿರ್ಧರಿಸುತ್ತಾರೆ. ಸಾಮಾನ್ಯ ಪರೀಕ್ಷೆಗಳಲ್ಲಿ ದೋಷ ಕಾಣದಿದ್ದ ಮಾತ್ರಕ್ಕೆ ರೋಗಿಯು ನಟಿಸುತ್ತಿರುವುದಾಗಿ ತಿಳಿಯಕೂಡದು.

ದಂಪತಿಗಳು ಮಾಡಬೇಕಾದುದು

1. ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ರಕ್ತಹೀನತೆ, ಕ್ಷಯ, ಸಕ್ಕರೆ ಕಾಯಿಲೆ, ಥೈರಾಯ್ಡ್ ದೋಷ, ಮನಸ್ಸಿನ ಖಿನ್ನತೆ ಇವುಗಳಿಂದಲೂ ಆಯಾಸವಾಗುತ್ತದೆ, ಇವುಗಳಿಗೆ ಚಿಕಿತ್ಸೆಯುಂಟು.

2. ಹಳ್ಳಿಯಿಂದ ಬಂದು ಬೆಂಗಳೂರಿನ ಕಾರ್ಖಾನೆಯಲ್ಲಿ ದುಡಿಯುವವರು ನೌಕರರ ರಾಜ್ಯ ವಿಮಾ ಯೋಜನೆಗೆ ಸೇರಿದ್ದರೆ, ಅವರ ಪತಿ ಅಥವಾ ಪತ್ನಿಗೂ ವೈದ್ಯಕೀಯ ಸೌಲಭ್ಯವುಂಟು. ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯು ಈ ಯೋಜನೆಯ ದೊಡ್ಡ ಆಸ್ಪತ್ರೆ. ಕಾರ್ಮಿಕರೇ ಕಾಯಿಲೆ ಬಿದ್ದರೆ, ಅರ್ಹತೆಯಿದ್ದವರಿಗೆ ವೈದ್ಯರ ಪ್ರಮಾಣಪತ್ರದ ಮೇಲೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ನೂರಕ್ಕೆ 70ರಷ್ಟು ದೊರೆಯುತ್ತದೆ. ಆದುದರಿಂದ ಕೆಲಸ ಬಿಡುವ ಮುನ್ನ ವೈದ್ಯರನ್ನು ಕಾಣಿರಿ.

3. ಕೆಲಸವನ್ನು ತುಂಡುತುಂಡಾಗಿ ಮಾಡಿ, ಪೂರ್ಣ ದಣಿಯುವ ಮೊದಲೇ ವಿಶ್ರಮಿಸಬೇಕು. ದುಡಿದರೆ ತಾನೇ ಸರಿಹೋಗುವುದೆಂದು ಒತ್ತಾಯಿಸಬೇಡಿ. ದಿನದಿನಕ್ಕೆ ವ್ಯಾಯಾಮ ಹೆಚ್ಚಿಸುತ್ತ ಹೋಗುವ ಚಿಕಿತ್ಸೆಯನ್ನು ಬ್ರಿಟನ್ನಿನ ಮಾರ್ಗಸೂಚಿಯು 2021ರಲ್ಲಿ ಕೈಬಿಟ್ಟಿತು.

4. ಇದನ್ನು ಪೂರ್ಣ ಗುಣಪಡಿಸುವ ಔಷಧಿ ಇನ್ನೂ ಇಲ್ಲ. ಶಕ್ತಿ ಬರುವುದೆಂದು ನಂಬಿ ಸಾಲಮಾಡಿ ಟಾನಿಕ್, ಇಂಜೆಕ್ಷನ್‌ಗಳಿಗೆ ಹಣ ಸುರಿಯಬೇಡಿ. ನಿದ್ರೆ, ನೋವುಗಳಿಗೆ ವೈದ್ಯರು ಕೊಡುವ ಚಿಕಿತ್ಸೆಯನ್ನು ಪಡೆಯಿರಿ.

ನೀರು, ಸೌದೆ, ಅಡಿಗೆ, ದನಕರು, ಮಕ್ಕಳ ಪಾಲನೆ ಇವೆಲ್ಲ ಒಬ್ಬರ ಹೊಣೆಯಲ್ಲ. ಪತ್ನಿ ಬಳಲಿದಾಗ ಪತಿಯೂ, ಪತಿ ಬಳಲಿದಾಗ ಪತ್ನಿಯೂ, ಮನೆಯ ಹಿರಿಯರೂ ಕೈಜೋಡಿಸಿದರೆ ರೋಗಿಗೆ ವಿಶ್ರಾಂತಿ ದೊರೆಯುತ್ತದೆ, ಸಂಸಾರವೂ ಸಾಗುತ್ತದೆ.