ತೋಟದ ನೀರು ಮತ್ತು ಮಕ್ಕಳ ಈಜು ಪಾಠ

ತೋಟಗಾರನಿಗೆ ನೀರೇ ಬಂಡವಾಳ. ಫೆಬ್ರವರಿ-ಮಾರ್ಚ್ ತಿಂಗಳಲ್ಲಿ ಹೂಮಳೆ ಕೈಕೊಟ್ಟರೆ ಕಾಫಿಗೆ ತುಂತುರು ನೀರಾವರಿ ಬೇಕು. ಬೇಸಿಗೆಯಲ್ಲಿ ಅಡಿಕೆಗೆ ನೀರು ತಪ್ಪಿಸುವಂತಿಲ್ಲ. ಆದ್ದರಿಂದ ನಾವು ಬಾವಿ ತೋಡಿದೆವು, ಕೆರೆಯ ಹೂಳು ತೆಗೆಸಿದೆವು, ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡಗಳನ್ನೂ ಮಾಡಿಸಿಕೊಂಡೆವು. ಹೊಂಡದಲ್ಲಿ ಎಷ್ಟು ನೀರು ನಿಲ್ಲುತ್ತದೆ, ಅದು ಎಷ್ಟು ದಿನಕ್ಕೆ ಸಾಕಾಗುತ್ತದೆ ಎಂಬ ಲೆಕ್ಕ ನಮಗೆ ಬಾಯಿಪಾಠ. ಆದರೆ ಅದರ ದಂಡೆಯ ಮೇಲೆ ಆಡುವ ಮಗುವಿಗೆ ಈಜು ಬರುತ್ತದೆಯೇ ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಅನೇಕರು ಉತ್ತರ ಹೇಳಲು ತಡವರಿಸುತ್ತೇವೆ. ಈ ಸಲದ ಪಾಠ ಆ ಪ್ರಶ್ನೆಯ ಕುರಿತು.

ಲೆಕ್ಕ ಏನು ಹೇಳುತ್ತದೆ?

ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೊರತಂದ ವರದಿಯ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ನಾಲ್ಕನೇ ಒಂದು ಪಾಲು 5 ವರ್ಷದೊಳಗಿನ ಮಕ್ಕಳು. ನಮ್ಮ ದೇಶದಲ್ಲಿ 2022ರಲ್ಲಿ ಹೀಗೆ ಸತ್ತವರ ಸಂಖ್ಯೆ 38 ಸಾವಿರ ದಾಟಿತ್ತು. ಇವೆಲ್ಲ ಸಮುದ್ರದಲ್ಲೋ ದೊಡ್ಡ ನದಿಯಲ್ಲೋ ಆದ ಸಾವುಗಳಲ್ಲ. ಚಿಕ್ಕ ಮಕ್ಕಳಿಗೆ ಅಪಾಯ ಹೆಚ್ಚಾಗಿ ಮನೆಯ ಹತ್ತಿರದ ನೀರಿನಿಂದಲೇ ಬರುತ್ತದೆ.

ಇನ್ನೊಂದು ಮಾತು ತಿಳಿದಿರಬೇಕು. ಮುಳುಗುವ ಮಗು ಕೂಗುವುದಿಲ್ಲ. ಉಸಿರು ಹಿಡಿಯುವುದರಲ್ಲೇ ಅದರ ಶಕ್ತಿ ಮುಗಿಯುತ್ತದೆ. ಆಮ್ಲಜನಕ ಸಿಗದೆ ನಾಲ್ಕಾರು ನಿಮಿಷ ಕಳೆದರೆ ಮೆದುಳಿಗೆ ಹಾನಿಯಾಗುತ್ತದೆ. ಅಡಿಗೆಮನೆಯಲ್ಲಿ ಹಾಲು ಉಕ್ಕುವುದನ್ನು ನೋಡಿ ಬರುವಷ್ಟರಲ್ಲಿ ಎಲ್ಲವೂ ಮುಗಿದಿರಬಹುದು.

ಕೃಷ್ಣಾ ತೀರದ ಉದಾಹರಣೆ

ನೀರಿನೊಂದಿಗೆ ಬದುಕುವುದು ಹೇಗೆಂಬುದಕ್ಕೆ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳನ್ನು ನೋಡಬಹುದು. ಅದು ಕಬ್ಬು-ತಂಬಾಕಿನ ಸೀಮೆ; ನಮ್ಮಂತೆ ಅಡಿಕೆ-ಕಾಫಿಯದಲ್ಲ. ಆದರೆ ಅಲ್ಲಿಯೂ ಬೆಳೆ ನಿಂತಿರುವುದು ನೀರಿನ ಮೇಲೆ. ನಿಪ್ಪಾಣಿ ತಾಲೂಕಿನ ಭೋಜದ ಬಳಿ ವೇದಗಂಗಾ ನದಿ ದೂಧಗಂಗೆಯನ್ನು ಸೇರುತ್ತದೆ. ಚಿಕ್ಕೋಡಿ ತಾಲೂಕಿನಲ್ಲಿ ದೂಧಗಂಗಾ ಕೃಷ್ಣೆಯನ್ನು ಕೂಡುತ್ತದೆ. ರಾಯಬಾಗದ ಕಡೆ ಘಟಪ್ರಭಾ ಎಡದಂಡೆ ಕಾಲುವೆ ಇದೆ. ಇದಲ್ಲದೆ ಹೊಲಗಳಲ್ಲಿ ಆಳವಾದ ತೆರೆದ ಬಾವಿಗಳಿವೆ. 2005, 2019 ಮತ್ತು 2021ರಲ್ಲಿ ಕೃಷ್ಣೆಗೆ ಮಹಾಪೂರ ಬಂದಾಗ ಈ ಭಾಗದ ಅನೇಕ ಊರುಗಳಿಗೆ ನೀರು ನುಗ್ಗಿತು. ಕಲ್ಲೋಳ-ಯಡೂರಿನ ಸೇತುವೆಯಂಥ ತಗ್ಗು ಸೇತುವೆಗಳು ಮಳೆಗಾಲದಲ್ಲಿ ಮುಳುಗುವುದು ಅಲ್ಲಿಯ ಜನಕ್ಕೆ ಹೊಸ ಸುದ್ದಿಯಲ್ಲ.

ಆ ಸೀಮೆಯಲ್ಲಿ ಈಜುವುದಕ್ಕೆ ‘ಈಸುವುದು’ ಎನ್ನುತ್ತಾರೆ. ಹಿಂದಿನವರು ಮಕ್ಕಳಿಗೆ ಇದನ್ನು ಹೊಲದ ಬಾವಿಯಲ್ಲಿ ಬೇಸಿಗೆಯ ರಜೆಯಲ್ಲಿ ಕಲಿಸುತ್ತಿದ್ದರು. ಬೆನ್ನಿಗೆ ಒಣಗಿದ ಸೋರೆಬುರುಡೆ, ಬೆಂಡು ಅಥವಾ ಬಾಯಿ ಬಿಗಿದ ಖಾಲಿ ಡಬ್ಬಿ ಕಟ್ಟಿ, ನಡುವಿಗೆ ಹಗ್ಗ ಹಾಕಿ, ದೊಡ್ಡವರೊಬ್ಬರು ಮೆಟ್ಟಿಲ ಮೇಲೆ ನಿಂತು ಹಗ್ಗ ಹಿಡಿಯುತ್ತಿದ್ದರು. ಮಗುವಿನ ಕೈಕಾಲು ಕುದುರಿದಂತೆ ಬೆಂಡು ಕಡಿಮೆ ಮಾಡುತ್ತಿದ್ದರು. ಇದರಲ್ಲಿ ಮೂರು ಒಳ್ಳೆಯ ಗುಣಗಳಿವೆ: ತೇಲಲು ಆಸರೆ, ಕೈಯಲ್ಲಿ ಹಗ್ಗ, ಮೇಲೊಂದು ಕಣ್ಣು.

ಇದೇ ಪದ್ಧತಿಯ ಎರಡು ಕೊರತೆಗಳನ್ನೂ ಹೇಳಬೇಕು. ಮೊದಲನೆಯದು, ಅಂಜುವ ಹುಡುಗನನ್ನು ಎತ್ತಿ ನೀರಿಗೆ ಎಸೆದರೆ ತಾನೇ ಕಲಿಯುತ್ತಾನೆ ಎಂಬ ನಂಬಿಕೆ. ಹಾಗೆ ಎಸೆದರೆ ಕಲಿಯುವುದು ಈಜಲ್ಲ, ಭಯ. ಎರಡನೆಯದು, ಬಾವಿಗೆ ಇಳಿದವರು ಬಹುಪಾಲು ಗಂಡುಮಕ್ಕಳು. ಬಟ್ಟೆ ಒಗೆಯಲು, ನೀರು ತರಲು ದಂಡೆಗೆ ಹೋಗುವವರು ಹೆಣ್ಣುಮಕ್ಕಳು. ಈಜು ಕಲಿಯದವರೂ ಅವರೇ. ಪೂರ ಬಂದಾಗ ನೀರು ಗಂಡು-ಹೆಣ್ಣು ನೋಡುವುದಿಲ್ಲ.

ಈಗ ಕೃಷ್ಣೆಯಲ್ಲಿ ಮೊಸಳೆಗಳೂ ಇವೆ, ಸೆಳವೂ ಇದೆ. ಆದ್ದರಿಂದ ಹರಿಯುವ ಹೊಳೆಯಲ್ಲಿಯಾಗಲಿ ಕಾಲುವೆಯಲ್ಲಿಯಾಗಲಿ ಪಾಠ ಆರಂಭಿಸಬಾರದು. ಈ ಮಾತು ತುಂಗಾ, ಭದ್ರಾ, ಶರಾವತಿ ತೀರದವರಿಗೂ ಅನ್ವಯಿಸುತ್ತದೆ.

ಯಾವ ವಯಸ್ಸಿಗೆ ಏನು?

ಒಂದು ವರ್ಷದೊಳಗಿನ ಕೂಸಿಗೆ ಈಜು ಪಾಠದಿಂದ ರಕ್ಷಣೆ ಸಿಗುತ್ತದೆ ಎನ್ನಲು ಆಧಾರವಿಲ್ಲ. 1ರಿಂದ 4 ವರ್ಷದ ಮಕ್ಕಳಲ್ಲಿ ಕ್ರಮಬದ್ಧ ಪಾಠ ಪಡೆದವರು ಮುಳುಗುವ ಸಂಭವ ಬಹಳ ಕಡಿಮೆ ಎಂದು ಅಮೆರಿಕದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಅದು ಚಿಕ್ಕ ಅಧ್ಯಯನ. ಆದರೂ ಬೇಗ ಕಲಿಸಿದರೆ ಕೇಡಿಲ್ಲ, ಲಾಭವಿದೆ ಎಂಬ ಅಭಿಪ್ರಾಯಕ್ಕೆ ಅಲ್ಲಿಯ ಮಕ್ಕಳ ವೈದ್ಯರು ಬಂದಿದ್ದಾರೆ. ಅಂಥ ಎಳೆಯ ಮಕ್ಕಳಿಗೆ ತರಬೇತಿ ಪಡೆದ ಶಿಕ್ಷಕರು, ಶುದ್ಧ ನೀರಿನ ಕೊಳ ಎರಡೂ ಬೇಕು. ನಮ್ಮ ಹಳ್ಳಿಗಳಲ್ಲಿ ಇವು ಸಿಗುವುದು ಕಷ್ಟ. ಆದ್ದರಿಂದ ಈ ವಯಸ್ಸಿನ ಮಕ್ಕಳಿಗೆ ಬೇಲಿ ಮತ್ತು ಕಾವಲೇ ಮುಖ್ಯ.

ಆರು ವರ್ಷ ತುಂಬಿದ ಮಕ್ಕಳಿಗೆ ಈಜು, ನೀರಿನ ಎಚ್ಚರ, ಸುರಕ್ಷಿತವಾಗಿ ಇನ್ನೊಬ್ಬರನ್ನು ಕಾಪಾಡುವ ರೀತಿ ಇವನ್ನು ಕಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಾಂಗ್ಲಾದೇಶದಲ್ಲಿ ಊರ ಕೆರೆಗಳಲ್ಲೇ ಬಿದಿರಿನ ಅಟ್ಟಣಿಗೆ ಕಟ್ಟಿ ಸಾವಿರಾರು ಹಳ್ಳಿ ಮಕ್ಕಳಿಗೆ ಕಲಿಸಿದ್ದಾರೆ. ಅಲ್ಲಿ ತೇರ್ಗಡೆಗೆ ಇಟ್ಟ ಗುರಿ ಸರಳ: 25 ಮೀಟರ್ ಈಜಬೇಕು, 30 ಸೆಕೆಂಡ್ ತೇಲಿ ನಿಲ್ಲಬೇಕು, ದಡದಿಂದಲೇ ಇನ್ನೊಬ್ಬರಿಗೆ ನೆರವಾಗಬೇಕು. ಬಿದಿರು ನಮ್ಮಲ್ಲಿಯೂ ಬೇಕಾದಷ್ಟಿದೆ.

ಕಲಿಸುವ ಕ್ರಮ

1. ಸ್ಥಳ: ಇಳಿಜಾರು ನಿಧಾನವಾಗಿರುವ, ನೀರು ನಿಂತಿರುವ, ತಳ ಗಟ್ಟಿಯಾಗಿರುವ ಕೆರೆ ಆಗಬಹುದು. ನೀರು ಮಗುವಿನ ಎದೆಮಟ್ಟ ಮೀರಬಾರದು. ಪ್ಲಾಸ್ಟಿಕ್ ಹೊಂಡ, ಪಲ್ಪಿಂಗ್ ನೀರು ನಿಂತ ಗುಂಡಿ ಖಂಡಿತ ಬೇಡ. ನೀರಿಗೆ ಇಳಿಯುವ ಮೊದಲು ಪಂಪಿನ ವಿದ್ಯುತ್ ಸಂಪರ್ಕ ತಪ್ಪಿಸಬೇಕು.

2. ಉಸಿರು: ಮುಖ ನೀರಿನಲ್ಲಿಟ್ಟು ಬಾಯಿಯಿಂದ ಗುಳ್ಳೆ ಬಿಡುವುದು ಮೊದಲ ಪಾಠ. ಇದು ಆಟದಂತೆ ಸಾಗಬೇಕು.

3. ತೇಲುವುದು: ಎದೆಯಲ್ಲಿ ಗಾಳಿ ತುಂಬಿದ್ದಾಗ ದೇಹ ತೇಲುತ್ತದೆ. ಗಾಬರಿಯಿಂದ ತಲೆ ಎತ್ತಿದಷ್ಟೂ ಕಾಲು ಕೆಳಗಿಳಿಯುತ್ತದೆ. ದೊಡ್ಡವರ ಅಂಗೈಯನ್ನು ಬೆನ್ನಿಗೆ ಕೊಟ್ಟು, ಕಿವಿ ಮುಳುಗುವಂತೆ ಮಗುವನ್ನು ಅಂಗಾತ ಮಲಗಿಸಬೇಕು. ಕೈಯನ್ನು ದಿನದಿಂದ ದಿನಕ್ಕೆ ಸಡಿಲಿಸಬೇಕು.

4. ಕೈಕಾಲು: ತೇಲಲು ಬಂದ ಮೇಲೆಯೇ ಕಾಲು ಬಡಿಯುವುದು, ಕೈ ಎಳೆಯುವುದು.

5. ಮರಳಿ ದಡಕ್ಕೆ: ನೀರಿಗೆ ಬಿದ್ದು, ತಿರುಗಿ, ದಡ ಹಿಡಿಯುವುದನ್ನು ಕೊನೆಯಲ್ಲಿ ನಿತ್ಯದ ಬಟ್ಟೆಯಲ್ಲೇ ಮಾಡಿಸಬೇಕು. ಮಕ್ಕಳು ಆಕಸ್ಮಿಕವಾಗಿ ಬೀಳುವುದು ಲಂಗ, ಚಡ್ಡಿ-ಅಂಗಿಯಲ್ಲಿಯೇ.

ಒಬ್ಬರು ಒಮ್ಮೆಗೆ ಒಂದೇ ಮಗುವನ್ನು ಕಲಿಸಲಿ. ದಡದಲ್ಲಿ ಈಜು ಬಲ್ಲ ಇನ್ನೊಬ್ಬರಿರಲಿ. ಮೂರ್ಛೆರೋಗವಿರುವ ಮಗುವಾದರೆ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಈಜು ಬಂದರೆ ಸಾಕೇ?

ಸಾಲದು. ಈಜು ಬಲ್ಲ ಮಗುವಿಗೆ ಧೈರ್ಯ ಹೆಚ್ಚುತ್ತದೆ. ಅದರಿಂದ ನಮ್ಮ ಎಚ್ಚರವೂ ಹೆಚ್ಚಬೇಕು. ಹೊಂಡದ ಸುತ್ತ ಮಕ್ಕಳು ನುಸುಳಲಾರದ ಬೇಲಿ, ಚಿಲಕವಿರುವ ಗೇಟು ಬೇಕು. ಪ್ಲಾಸ್ಟಿಕ್ ಹಾಳೆಯ ಇಳಿಜಾರು ಪಾಚಿ ಕಟ್ಟಿದರೆ ದೊಡ್ಡವರೂ ಹತ್ತಿ ಬರಲಾರರು. ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ ಇಳಿಬಿಡಿ. ಇದಕ್ಕೆ ತಗಲುವ ಖರ್ಚು ಒಂದು ಸಿಂಪಡಣೆಯ ಕೂಲಿಗಿಂತ ಕಡಿಮೆ.

ಯಾರಾದರೂ ಬಿದ್ದರೆ ಮಕ್ಕಳು ನೀರಿಗೆ ಹಾರಬಾರದು. ಮುಳುಗುವವರು ಕಾಪಾಡಲು ಬಂದವರನ್ನೇ ತಬ್ಬಿ ಒಳಗೆಳೆಯುತ್ತಾರೆ. ಕೂಗಬೇಕು, ಅಡಿಕೆ ಕೊಯ್ಯುವ ದೋಟಿ ಚಾಚಬೇಕು, ಹಗ್ಗವನ್ನೋ ಮುಚ್ಚಳ ಬಿಗಿದ ಖಾಲಿ ಕ್ಯಾನನ್ನೋ ಎಸೆಯಬೇಕು. ಹೊಂಡದ ಬಳಿ ಇವು ಸದಾ ಇರಲಿ.

ಮೇಲೆತ್ತಿದವರನ್ನು ತಲೆಕೆಳಗಾಗಿ ಹಿಡಿಯುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ತಪ್ಪು. ಅಮೂಲ್ಯ ಸಮಯ ಹಾಳಾಗುತ್ತದೆ. ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ನಂತರ ಎದೆಯ ನಡುವೆ 30 ಬಾರಿ ಒತ್ತಿ 2 ಬಾರಿ ಉಸಿರು, ಹೀಗೆ ನೆರವು ಬರುವವರೆಗೆ ಬಿಡದೆ ಮಾಡಬೇಕು. ಜೊತೆಯಲ್ಲಿದ್ದವರು ಆಗಲೇ 108ಕ್ಕೆ ಕರೆ ಮಾಡಲಿ. ಚೇತರಿಸಿಕೊಂಡರೂ ಆಸ್ಪತ್ರೆಗೆ ಒಯ್ಯುವುದು ಅವಶ್ಯ.

ಸಂಘದ ಪಾಲು

ಕಾಫಿ ಕೊಯ್ಲು, ಅಡಿಕೆ ಸುಲಿತದ ದಿನಗಳಲ್ಲಿ ಮನೆಯವರೂ ಆಳುಗಳೂ ಬೆಳಗಿನಿಂದ ಕೆಲಸದಲ್ಲಿರುತ್ತಾರೆ. ಚಿಕ್ಕ ಮಕ್ಕಳು ತಮ್ಮಷ್ಟಕ್ಕೆ ಆಡುತ್ತಿರುತ್ತಾರೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ 5 ವರ್ಷದೊಳಗಿನ ಮಕ್ಕಳನ್ನು ಬೆಳಗಿನ ಹೊತ್ತು ಒಂದು ಕಡೆ ಕೂರಿಸಿ ನೋಡಿಕೊಂಡದ್ದರಿಂದಲೇ ಮುಳುಗಿ ಸಾಯುವವರು ಬಹಳ ಕಡಿಮೆಯಾದರು. ಊರಿಗೊಬ್ಬ ಹಿರಿಯ ಹೆಂಗಸನ್ನು ಇದಕ್ಕೆ ಗೊತ್ತುಮಾಡುವುದು, ಬೇಸಿಗೆ ರಜೆಯಲ್ಲಿ ಒಂದು ಕೆರೆಯನ್ನು ಈಜು ಪಾಠಕ್ಕೆ ಸಜ್ಜುಗೊಳಿಸುವುದು ನಮ್ಮ ಸಂಘಗಳ ಶಕ್ತಿಗೆ ಮೀರಿದ್ದಲ್ಲ. ಅಲ್ಲಿ ಮಾಲೀಕರ ಮಕ್ಕಳ ಜೊತೆ ಲೈನುಮನೆಯ ಮಕ್ಕಳೂ, ಹುಡುಗರ ಜೊತೆ ಹುಡುಗಿಯರೂ ಇರಬೇಕು.

ಸದಸ್ಯರು ಈ ವಾರ ಮನೆಯಲ್ಲಿ ಮೂರು ಪ್ರಶ್ನೆ ಕೇಳಿಕೊಳ್ಳಲಿ. ನಮ್ಮ ನೀರಿಗೆ ಬೇಲಿ ಇದೆಯೇ? ಬಿದ್ದವರು ಹತ್ತಿ ಬರಲು ಹಗ್ಗ ಇದೆಯೇ? ಆರು ವರ್ಷ ದಾಟಿದ ನಮ್ಮ ಮಗ, ನಮ್ಮ ಮಗಳು ಅರ್ಧ ನಿಮಿಷ ತೇಲಬಲ್ಲರೇ? ಇಲ್ಲ ಎಂಬ ಉತ್ತರ ಎಲ್ಲಿದೆಯೋ ಅಲ್ಲಿಂದಲೇ ಕೆಲಸ ಆರಂಭವಾಗಲಿ.